ಪೈಲ್ವಾನನ ಖುರಾಕು

ಊಟಕ್ಕೆ ಕೂತಾಗ ನನ್ನ ಎಡಗೈ ತಾನಾಗಿಯೇ ಮೇಜಿನ ಕೆಳಗೆ ಇಳಿಯುತ್ತದೆ. ಮನೆಯಲ್ಲಾದರೆ ಹೇಗೋ ನಡೆದುಹೋಗುತ್ತದೆ. ಮೊನ್ನೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಎದುರಿಗೆ ಪ್ರಿನ್ಸಿಪಾಲರು ಕೂತಿರುವಾಗಲೇ, ಚಪಾತಿಯ ಕೊನೆಯ ಚೂರು ಹಿಡಿದ ಕೈ ಕೆಳಗೆ ಹೋಗಿ ಅಲ್ಲೇ ಕಾಯತೊಡಗಿತು. ಪಕ್ಕದಲ್ಲಿದ್ದ ಅರ್ಥಶಾಸ್ತ್ರದ ಮೇಡಂ ಬಗ್ಗಿ ನೋಡಿ, "ಏನ್ರೀ ಶಾಂತಾ, ಏನಾದ್ರೂ ಬಿತ್ತಾ?" ಎಂದರು. "ಇಲ್ಲ ಕಣ್ರೀ, ಅಭ್ಯಾಸ" ಎಂದೆ. ಯಾವ ಅಭ್ಯಾಸ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಆವತ್ತಿನ ಮಧ್ಯಾಹ್ನದ ಪಾಠ ಗೋವಿಂದ ಆಗುತ್ತಿತ್ತು. ನೀವೂ ಕೇಳಿಲ್ಲ ನಿಜ. ಆದರೆ ನಿಮಗೆ ಮುಂದಿನ ಪೀರಿಯಡ್ ಇಲ್ಲವಲ್ಲ, ಹೇಳಿಬಿಡುತ್ತೇನೆ.

ಯಲಹಂಕದ ಪಕ್ಕದ ಅಟ್ಟೂರಿನ ನಮ್ಮ ಮನೆಗೆ ಬುಲ್‌ಡಾಗ್ ಮರಿ ಬಂದದ್ದು ನನ್ನ ಮಗಳು ಅಪೂರ್ವಾಳ ಕೃಪೆ. ಅವಳ ಗೆಳತಿಯ ಮನೆಯವರಿಗೆ ಪುಣೆಗೆ ವರ್ಗವಾಗಿ, ಎರಡು ತಿಂಗಳ ಮರಿಯನ್ನು ಏನು ಮಾಡುವುದೆಂದು ತಿಳಿಯದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರಂತೆ. ಇವಳು ಹೋಗಿ "ನಮ್ಮಜ್ಜ ನೋಡ್ಕೋತಾರೆ, ಕೊಡಿ" ಎಂದು ಎತ್ತಿಕೊಂಡು ಬಂದಳು. ಅಜ್ಜ ಎಂದರೆ ನನ್ನ ಅಪ್ಪ. ಗದಗದ ಕಡೆಯ ನಮ್ಮೂರಲ್ಲಿ ಒಂದು ಕಾಲಕ್ಕೆ ಹೆಸರಾದ ಕುಸ್ತಿಯವರು. ಆಮೇಲೆ ಊರಿನ ಗರಡಿ ಮನೆಗೆ ವಸ್ತಾದರಾದರು, ಅಂದರೆ ಹುಡುಗರಿಗೆ ಪಟ್ಟು ಕಲಿಸುವ ಗುರು. ಅವ್ವ ತೀರಿಕೊಂಡ ಮೇಲೆ ಎಂಟು ವರ್ಷದಿಂದ ನಮ್ಮ ಜೊತೆ ಇದ್ದಾರೆ. ಎಪ್ಪತ್ತಮೂರು ದಾಟಿದರೂ ಆಳು ಗಟ್ಟಿ, ಆದರೆ ಸಕ್ಕರೆ ಕಾಯಿಲೆ. ತೂಕ ಇಳಿಸಿ ಎಂದು ಅವರ ಡಾಕ್ಟರು ಹೇಳಿ ಸೋತರು, ನಾನು ಹೇಳಿ ಸೋತೆ. ಅಪ್ಪನದು ಒಂದೇ ಉತ್ತರ: "ಪೈಲವಾನನ ಮೈ ಇದು. ಇಳಸ್ರಿ ಅಂದ್ರ ಇಳಿಯಾಂಗಿಲ್ಲ."

ಅಪೂರ್ವಾ ಮರಿಯನ್ನು ನಡುಮನೆಯಲ್ಲಿ ಇಳಿಸಿದಳು. ಅಗಲವಾದ ಎದೆ, ಸೊಟ್ಟಗೆ ಊರಿದ ಮುಂಗಾಲು, ಹಣೆಯ ತುಂಬ ಮಡಿಕೆ, ಯಾರ ಮೇಲೋ ಸಿಟ್ಟು ಬಂದಂತೆ ಮುಂದೆ ಚಾಚಿದ ಗದ್ದ. ಬಾಲ ಇತ್ತೋ ಇಲ್ಲವೋ ಹುಡುಕಬೇಕಿತ್ತು. ಇದೆಂಥ ಅವತಾರ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕನ್ನಡಕ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದರು.

"ಎದಿ ನೋಡವಾ ಶಾಂತಾ, ಎದಿ ನೋಡು. ನಿಂತ ಭಂಗಿ ನೋಡು. ಇದು ನಾಯಿ ಅಲ್ಲ. ಕಣಕ್ಕ ಇಳಿದ ಪೈಲವಾನ."

ಹೆಸರು ಬಿತ್ತು. ನಮ್ಮ ಕಷ್ಟವೂ ಅಲ್ಲಿಂದಲೇ ಶುರುವಾಯಿತು. ಯಾಕೆಂದರೆ ಪೈಲ್ವಾನ ಎಂದಮೇಲೆ ಖುರಾಕು ಇರಲೇಬೇಕು.

ಖುರಾಕು ಎಂದರೆ ಕುಸ್ತಿಯವರ ಆಹಾರ. ಅದನ್ನು ಊಟ ಎಂದು ಕರೆದರೆ ಅಪ್ಪನಿಗೆ ಸಿಟ್ಟು ಬರುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ರಾತ್ರಿ ಒಂದು ಹಿತ್ತಾಳೆ ಬೋಗುಣಿಯ ತುಂಬ ಬಾದಾಮಿ ನೆನೆಯುತ್ತಿತ್ತು. ಬೆಳಿಗ್ಗೆ ಅದರ ಸಿಪ್ಪೆ ಸುಲಿಯುವ ಕೆಲಸ ನನ್ನದು. ಹೆಬ್ಬೆರಳಿನಿಂದ ಒತ್ತಿದರೆ ಬಾದಾಮಿ ಪುಳಕ್ಕನೆ ಹಾರಿ ಹೊರಬರುವುದು, ಅದು ನೆಲಕ್ಕೆ ಬೀಳದಂತೆ ಹಿಡಿಯುವುದು, ಹಿಡಿದದ್ದನ್ನು ಬೋಗುಣಿಗೆ ಹಾಕುವುದು. ಹಿಡಿಯುವವರೆಗೆ ನಾನು ಪ್ರಾಮಾಣಿಕಳು. ಆಮೇಲಿನದರ ಬಗ್ಗೆ ಹೆಚ್ಚು ಕೇಳಬೇಡಿ. ಅವ್ವ ಅದನ್ನು ಒರಳಲ್ಲಿ ರುಬ್ಬಿ, ಹಾಲಿಗೆ ಹಾಕಿ, ಮೇಲೆ ತುಪ್ಪ ಸುರಿದು ಕೊಟ್ಟರೆ ಅಪ್ಪ ಒಂದೇ ಉಸಿರಿಗೆ ತಂಬಿಗೆ ಖಾಲಿ ಮಾಡಿ ಗರಡಿಗೆ ನಡೆಯುತ್ತಿದ್ದರು. ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡಿದ ಆ ಕೆಮ್ಮಣ್ಣಿನ ವಾಸನೆ ಸಂಜೆಯವರೆಗೂ ಅವರ ಮೈಯಲ್ಲಿ ಇರುತ್ತಿತ್ತು. ಶಾಲೆಯಲ್ಲಿ ನನ್ನನ್ನು ನೋಡಿದ ಮಾಸ್ತರರೊಬ್ಬರು, "ಖುರಾಕು ನಿಮ್ಮಪ್ಪಗ ಹೋಗತೈತೋ ನಿನಗೋ?" ಎಂದು ಕೇಳಿದ್ದರು. ಅವರ ಅನುಮಾನ ಸುಳ್ಳಾಗಿರಲಿಲ್ಲ.

ಬಹಳ ವರ್ಷಗಳ ಮೇಲೆ ನಮ್ಮ ಅಡುಗೆಮನೆಯಲ್ಲಿ ಮತ್ತೆ ಬಾದಾಮಿ ನೆನೆಯಿತು. ಒರಳಿನ ಬದಲು ಮಿಕ್ಸಿ, ತಂಬಿಗೆಯ ಬದಲು ಸ್ಟೀಲಿನ ತಟ್ಟೆ. ಬೆಳಿಗ್ಗೆ ಬಾದಾಮಿ ಹಾಲು, ಮಧ್ಯಾಹ್ನ ತುಪ್ಪದಲ್ಲಿ ಕಲಸಿದ ಜೋಳದ ರೊಟ್ಟಿ, ಸಂಜೆ ಮತ್ತೆ ಹಾಲು. ಇದು ಅಪ್ಪನ ಲೆಕ್ಕ. ಪೀಣ್ಯದ ಫ್ಯಾಕ್ಟರಿಗೆ ಫಸ್ಟ್ ಶಿಫ್ಟಿಗೆ ಹೋಗುವ ನಮ್ಮ ಮನೆಯವರು ಚಹಾದ ಜೊತೆ ಎರಡು ಬಿಸ್ಕತ್ತು ಕೊಡುತ್ತಿದ್ದರು. ಅದು ಅವರ ಲೆಕ್ಕ. ಅಪೂರ್ವಾ ಚೀಸ್ ಎನ್ನುತ್ತಿದ್ದಳು. ಪಕ್ಕದ ಮನೆಯ ಲಕ್ಷ್ಮಮ್ಮನವರು ಅಟ್ಟೂರಿನ ಮೂಲನಿವಾಸಿಗಳು, ಈ ಸೈಟುಗಳೆಲ್ಲ ಹೊಲವಾಗಿದ್ದ ಕಾಲ ಕಂಡವರು. ಅವರು ಕಾಂಪೌಂಡಿನ ಮೇಲಿಂದ ರಾಗಿಮುದ್ದೆ ಇಳಿಸುತ್ತಿದ್ದರು. ಇನ್ನು ನನ್ನ ಎಡಗೈ ವಿಷಯ ನಿಮಗೆ ಗೊತ್ತೇ ಇದೆ. ವಿಚಿತ್ರ ಎಂದರೆ, ಪ್ರತಿಯೊಬ್ಬರಿಗೂ ತಾವು ಮಾತ್ರ ಕೊಡುತ್ತಿದ್ದೇವೆ ಎಂಬ ನಂಬಿಕೆ. ಪೈಲ್ವಾನ ಕೂಡ ಆ ನಂಬಿಕೆಗೆ ಭಂಗ ತರಲಿಲ್ಲ. ಯಾರ ಮುಂದೆ ಕೂತರೂ ಮೂರು ದಿನದಿಂದ ಅನ್ನ ಕಾಣದವನ ಮುಖ.

ಮೈಗೆ ಎಣ್ಣೆಯೂ ಬಿತ್ತು. ಪ್ರತಿ ಭಾನುವಾರ ಅಪ್ಪ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಮುಖದ ಮಡಿಕೆಮಡಿಕೆಗೂ ಇಳಿಯುವಂತೆ ತಿಕ್ಕುತ್ತಿದ್ದರು. ಮರಿ ದಿನದಿನಕ್ಕೆ ಉಬ್ಬಿತು. ಬೀದಿಯಲ್ಲಿ ಹೋಗುವವರು ನಿಂತು, "ಸಖತ್ತಾಗಿದಾನೆ ಗುರು" ಎಂದು ಫೋಟೊ ತೆಗೆದುಕೊಳ್ಳುತ್ತಿದ್ದರು. ಅಪ್ಪ ಮೀಸೆ ತಿರುವುತ್ತಿದ್ದರು. ನಿಜ ಹೇಳುತ್ತೇನೆ, ನನಗೂ ಜಂಬ ಬಂದಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಗೇಟಿನಿಂದ ನಡುಮನೆಗೆ ಹತ್ತುವ ನಾಲ್ಕು ಮೆಟ್ಟಿಲಲ್ಲಿ ಎರಡನೆಯದಕ್ಕೆ ಪೈಲ್ವಾನ ಕೂತುಬಿಟ್ಟ. ಗೊರ ಗೊರ ಎಂಬ ಸದ್ದು, ನಾಲಿಗೆಯ ಬಣ್ಣ ನೀಲಿಗೆ ತಿರುಗಿತ್ತು, ಕಣ್ಣು ನಮ್ಮನ್ನೇ ನೋಡುತ್ತಿತ್ತು. ಅಪೂರ್ವಾ ಒದ್ದೆ ಬಟ್ಟೆ ತಂದು ಹೊದಿಸಿದಳು, ನಾನು ಫ್ಯಾನು ತಂದು ಹಚ್ಚಿದೆ. ಹತ್ತು ನಿಮಿಷಕ್ಕೆ ಉಸಿರು ಹತೋಟಿಗೆ ಬಂತು. ಆ ಹತ್ತು ನಿಮಿಷವೂ ಅಪ್ಪ ಅವನ ತಲೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು.

ಮರುದಿನ ಯಲಹಂಕ ನ್ಯೂ ಟೌನಿನ ಪಶುವೈದ್ಯೆಯ ಹತ್ತಿರ ಹೋದೆವು. ನೆಲದ ಮೇಲಿನ ತಕ್ಕಡಿಯಲ್ಲಿ ನಿಲ್ಲು ಎಂದರೆ ನಮ್ಮವನು ಅದರ ಅಂಚು ನೆಕ್ಕುತ್ತ ಮಲಗಿದ. ಕೊನೆಗೆ ಅಪ್ಪನೇ ಎತ್ತಿಕೊಂಡು ನಿಂತರು. ಇಬ್ಬರೂ ಸೇರಿ ನೂರಾ ಆರು. ಅಪ್ಪನೊಬ್ಬರದೇ ಎಂಬತ್ತೈದು. ಕಳೆದರೆ ಇಪ್ಪತ್ತೊಂದು. ಡಾಕ್ಟರಮ್ಮ ಎರಡನ್ನೂ ಫೈಲಿನಲ್ಲಿ ಬರೆದುಕೊಂಡು ತಲೆಯೆತ್ತಿದರು.

"ಆರು ತಿಂಗಳ ಮರಿಗೆ ಇಪ್ಪತ್ತೊಂದು ಕೆಜಿನಾ? ಏನ್ ಹಾಕ್ತಿದೀರ ಮೇಡಂ?"

ಅಪ್ಪ ಖುರಾಕಿನ ಪಟ್ಟಿ ಒಪ್ಪಿಸಿದರು, ಸ್ವಲ್ಪ ಹೆಮ್ಮೆಯಿಂದಲೇ. ಬಾದಾಮಿ, ಹಾಲು, ತುಪ್ಪ, ಒಣದ್ರಾಕ್ಷಿ ಎಂಬಲ್ಲಿಗೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ದ್ರಾಕ್ಷಿ ನಾಯಿಗೆ ವಿಷ ಕಣ್ರೀ." ಅಪ್ಪನ ಮುಖ ಬಿಳಿಚಿತು. ನಾನು ಮೆಲ್ಲಗೆ, ದ್ರಾಕ್ಷಿ ಅವನವರೆಗೆ ತಲುಪಿಯೇ ಇಲ್ಲ, ದಿನವೂ ದಾರಿಯಲ್ಲೇ ನಾನು ತಿಂದಿದ್ದೇನೆ ಎಂದು ತಪ್ಪೊಪ್ಪಿಕೊಂಡೆ. ನನ್ನ ಹಳೆಯ ಚಾಳಿ ಒಂದು ಜೀವ ಉಳಿಸಿತು ಎಂದು ಇವತ್ತಿಗೂ ಮನೆಯಲ್ಲಿ ಹೇಳಿಕೊಳ್ಳುತ್ತೇನೆ. ಯಾರೂ ಮೆಚ್ಚುವುದಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ, ಬಿಡಿಸಿ ಹೇಳಿದರು. ಈ ಜಾತಿಗೆ ಮುಖ ಚಪ್ಪಟೆ, ಉಸಿರಿನ ದಾರಿಯೇ ಕಿರಿದು. ಅದರ ಮೇಲೆ ಕೊಬ್ಬು ಕೂತರೆ ಬೇಸಿಗೆ ದಾಟುವುದು ಕಷ್ಟ. "ಇನ್ನೆರಡು ತಿಂಗಳು ಇವನು ಈ ಇಪ್ಪತ್ತೊಂದನ್ನ ದಾಟ್ಬಾರ್ದು. ಮೂಳೆ ಬೆಳೀಲಿ, ಕೊಬ್ಬು ಕರಗ್ಲಿ. ದಾಟಿದ್ರೆ ಗಂಟಲ ಆಪರೇಷನ್ ಮಾಡ್ಬೇಕಾಗುತ್ತೆ. ಈ ಮೈಗೆ ಅರಿವಳಿಕೆ ಕೊಡೋದೇ ಅಪಾಯ, ಗ್ಯಾರಂಟಿ ನಾನು ಕೊಡಲ್ಲ. ಹಾಗಂತ ಉಪವಾಸ ಕೆಡವ್ಬೇಡಿ. ಬೆಳೆಯೋ ಮರಿ, ತೂಕ ಇಳಿಸೋಕೂ ಹೋಗ್ಬಾರ್ದು. ಇದ್ದಲ್ಲೇ ನಿಲ್ಬೇಕು."

"ಓಡಿಸಿ ಬೆವರ ಇಳಿಸಿದ್ರ ನಡೀತೈತೇನ್ರಿ?" ಅಪ್ಪ ಕೇಳಿದರು.

"ತಾತ, ನಿಮ್ಮ ಹಾಗೆ ಇವನಿಗೆ ಮೈಯೆಲ್ಲ ಬೆವರೋದಿಲ್ಲ. ಓಡಿಸಿದ್ರೆ ಅಲ್ಲೇ ಕುಸೀತಾನೆ. ಬಿಸಿಲೇರೋಕೆ ಮುಂಚೆ ನಿಧಾನಕ್ಕೆ ನಡೆಸಿ, ಸಾಕು. ಮತ್ತೆ ಆ ಎಣ್ಣೆ ನಿಲ್ಸಿ. ಮಡಿಕೆ ಒಳಗೆಲ್ಲ ಕೊಳೀತಾ ಇದೆ. ದಿನಾ ಒರೆಸಿ ಒಣಗಿಸಿ."

ಮನೆಗೆ ಬಂದ ಅಪ್ಪ ಮೂರು ದಿನ ಅಡುಗೆಮನೆಯ ಕಡೆ ಸುಳಿಯಲಿಲ್ಲ. ನಾನು ಸಮಾಧಾನ ಹೇಳಲು ಹೋದರೆ, "ನಲವತ್ತು ಹುಡುಗರನ್ನ ತಯಾರು ಮಾಡೀನಿ. ಒಂದು ಕೂಸಿನ ಉಸುರು ಕಟ್ಟಿಸಿದೆನಲ್ಲವಾ" ಎಂದು ಆಚೆ ತಿರುಗಿದರು. ಅಪ್ಪನ ದನಿ ಹಾಗೆ ಒಡೆದದ್ದನ್ನು ಅವ್ವ ಹೋದ ದಿನ ಬಿಟ್ಟರೆ ನಾನು ಕೇಳಿರಲಿಲ್ಲ. ನನಗೆ ಹೆದರಿಕೆಯಾಯಿತು. ನಾಯಿಗಾಗಿಯೋ ಅಪ್ಪನಿಗಾಗಿಯೋ ಆಗ ಬೇರ್ಪಡಿಸಿ ಹೇಳಲಾಗುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಎಲ್ಲರನ್ನೂ ನಡುಮನೆಗೆ ಕರೆದರು. ಲಕ್ಷ್ಮಮ್ಮನವರಿಗೂ ಕರೆ ಹೋಗಿತ್ತು.

"ತೂಕ ಹಿಡದು ನಿಲ್ಲಸೂದು ನನಗ ಹೊಸಾದಲ್ಲ" ಎಂದರು. "ನಮ್ಮ ಹುಡುಗರು ತೂಕದ ಪಂದ್ಯಕ್ಕ ಹೋಗುವಾಗ ಎರಡು ತಿಂಗಳ ಮೊದಲ ನಾನ ಹಿಡದು ನಿಲ್ಲಸ್ತಿದ್ದೆ. ಅದಕ್ಕ ಗರಡಿಯೊಳಗ ಒಂದ ನೇಮ. ಪೈಲವಾನ ಒಂದ ಕೈಯಿಂದ ಉಣಬೇಕು. ಎರಡನೇ ಕೈ ಬಂತೋ, ತೂಕ ಹೋತು. ಇವತ್ತಿನಿಂದ ಇವನ ಬಾಯಿಗೆ ನನ್ನ ಕೈ ಬಿಟ್ಟು ಬ್ಯಾರೆ ಕೈ ಹೋಗಬಾರದು."

ನನಗೆ ಆಗ ಹೊಳೆಯಿತು. ತಿನ್ನಿಸಿ ಕೆಡಿಸಿದ ವಿದ್ಯೆಯ ಇನ್ನೊಂದು ಅರ್ಧ ಅಪ್ಪನ ಹತ್ತಿರವೇ ಇತ್ತು. ಖುರಾಕಿನ ಗದ್ದಲದಲ್ಲಿ ಅದು ಮರೆತುಹೋಗಿತ್ತು, ಅಷ್ಟೆ.

ಡಾಕ್ಟರಮ್ಮ ಬರೆದುಕೊಟ್ಟ ಪ್ಯಾಕೆಟ್ಟಿನ ಕಾಳು ಬಂತು. ಅಪ್ಪ ಅದಕ್ಕೆ 'ಗುಳಿಗಿ' ಎಂದು ಹೆಸರಿಟ್ಟರು. ದಿನಕ್ಕೆ ಮೂರು ಹೊತ್ತು, ಕಪ್ಪಿನಲ್ಲಿ ಅಳೆದು, ಮೇಲಿನ ಅಂಚಿಗೆ ಬೆರಳು ಎಳೆದು ಸಮ ಮಾಡಿ ಹಾಕುತ್ತಿದ್ದರು. ಒಂದು ಕಾಳು ಕೆಳಗೆ ಬಿದ್ದರೂ ಎತ್ತಿ ಡಬ್ಬಿಗೆ ಸೇರಿಸುವರು. ಊಟವಾದ ಮೇಲೆ ಹಳೆಯ ಧೋತರ ಹರಿದು ಮಾಡಿದ ಬಟ್ಟೆಯಿಂದ ಮುಖದ ಒಂದೊಂದು ಮಡಿಕೆಯನ್ನೂ ಬಿಡಿಸಿ ಒರೆಸುವರು. ನನ್ನನ್ನು ಬೆಳೆಸುವಾಗ ಅಪ್ಪ ಇಷ್ಟು ತಾಳ್ಮೆಯಿಂದ ಮುಖ ಒರೆಸಿದ ನೆನಪು ನನಗಿಲ್ಲ. ಅದನ್ನು ಹೇಳಿದರೆ, "ನಿನ್ನ ಮುಖದಾಗ ಇಷ್ಟು ಮಡಿಕಿ ಇದ್ದಿಲ್ಲ" ಎಂದರು.

ನೇಮ ಹೇಳುವುದು ಸುಲಭ, ಪಾಲಿಸುವುದು ನಮ್ಮಂಥವರಿಗೆ ಪ್ರಾಣಸಂಕಟ. ನಮ್ಮ ಕಡೆ ಉಣ್ಣುವವರ ಎದುರಿಗೆ ಕೂತ ಜೀವಕ್ಕೆ ಒಂದು ತುತ್ತು ಕೊಡದೆ ನುಂಗಿದರೆ ಅನ್ನ ಮೈಗೆ ಹತ್ತುವುದಿಲ್ಲ ಎನ್ನುತ್ತಾರೆ. ಮೊದಲ ವಾರವೇ ನಮ್ಮ ಮನೆಯವರು ಬಿಸ್ಕತ್ತಿನ ಸಮೇತ ಸಿಕ್ಕಿಬಿದ್ದರು. ಅಳಿಯನಿಗೆ ಏರುದನಿಯಲ್ಲಿ ಮಾತಾಡದ ಅಪ್ಪ ಸುಮ್ಮನೆ ಬಿಸ್ಕತ್ತಿನ ಡಬ್ಬಿಯನ್ನು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಲಕ್ಷ್ಮಮ್ಮನವರ ಮುದ್ದೆಗಂತೂ ಕಾಂಪೌಂಡು ಅಡ್ಡಿಯಾಗಲಿಲ್ಲ. ಅಪ್ಪ ಹೋಗಿ ಕೇಳಿದರೆ ಅವರು ಕಣ್ಣು ತುಂಬಿಕೊಂಡರು.

"ಬಾಯ್ ಬುಟ್ಟು ಕೇಳಾಕಾಗ್ದೆ ಇರೋ ಜೀವ ಕಣಣ್ಣ. ಅಂಗ್ ನೋಡ್ತಾ ಕುಂತ್ರೆ ಎಂಗ್ ಇಲ್ಲ ಅನ್ನಾದು?"

"ಇಲ್ಲ ಅನಬ್ಯಾಡವಾ. ಸೌತಿಕಾಯಿ ಕೊಡು. ನನ್ನ ಕೈಯಾಗ ಕೊಡು, ನಾ ನಿನ್ನ ಹೆಸರು ಹೇಳಿ ಅವಗ ಕೊಡ್ತೀನಿ."

ಅವತ್ತಿನಿಂದ ಬೆಳಿಗ್ಗೆ ಒಂದು ತುಂಡು ಸೌತೆಕಾಯಿ ಕಾಂಪೌಂಡು ದಾಟಿ ಅಪ್ಪನ ಕೈಗೆ ಬರುತ್ತಿತ್ತು. ಅಪ್ಪ ಗಂಭೀರವಾಗಿ, "ಲಕ್ಷ್ಮಮ್ಮ ಕೊಟ್ಟದ್ದು" ಎಂದು ಹೇಳಿಯೇ ತಿನ್ನಿಸುತ್ತಿದ್ದರು.

ಉಳಿದವಳು ನಾನು. ಮೂರನೆಯ ವಾರದ ಒಂದು ಮಧ್ಯಾಹ್ನ, ರೊಟ್ಟಿಯ ಒಂದು ಅಂಚು, ಉಗುರಿನಷ್ಟು, ಮೇಜಿನ ಕೆಳಗೆ ಹೋಯಿತು. ಯಾರೂ ನೋಡಲಿಲ್ಲ. ಆದರೆ ಸಂಜೆ ಅಪ್ಪ ಕಪ್ಪು ಹಿಡಿದು ಕರೆದರೆ ಪೈಲ್ವಾನ ಅವರತ್ತ ಹೋಗುವ ಬದಲು ನನ್ನ ಎಡಮೊಣಕಾಲ ಪಕ್ಕ ಬಂದು ಕೂತ. ಅಪ್ಪ ನನ್ನನ್ನೂ ಅವನನ್ನೂ ನೋಡಿದರು.

"ಅವಗ ಸುಳ್ಳು ಹೇಳಾಕ ಬರಾಂಗಿಲ್ಲ, ಶಾಂತಾ."

"ಉಗುರಿನಷ್ಟ ಅಪ್ಪಾ."

"ಆಪರೇಶನ್ ಟೇಬಲ್ ಮ್ಯಾಲೆ ಮಲಗಿಸಿದಾಗ ಡಾಕ್ಟರ್‌ಗೆ ಇದನ್ನ ಹೇಳ್ತಿ? ಉಗುರಿನಷ್ಟ ಅಂತ?"

ಐವತ್ತರ ಹತ್ತಿರ ಬಂದ, ನೂರಿಪ್ಪತ್ತು ಹುಡುಗರ ತರಗತಿಯನ್ನು ಕಣ್ಣಲ್ಲೇ ಸುಮ್ಮನಿರಿಸುವ ಕನ್ನಡ ಲೆಕ್ಚರರು ಅವತ್ತಿನಿಂದ ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು ಉಣ್ಣಬೇಕೆಂದು ಶಿಕ್ಷೆಯಾಯಿತು. ಅಪೂರ್ವಾ ಅದರ ಫೋಟೊ ತೆಗೆದು ಇಟ್ಟುಕೊಂಡಿದ್ದಾಳೆ.

ಬೆಳಗಿನ ಜಾವ ಅಪ್ಪ ಮತ್ತು ಪೈಲ್ವಾನ ಅಟ್ಟೂರು ಕೆರೆಯ ಕಡೆ ನಡೆದು ಬರುತ್ತಿದ್ದರು. ಮೊದಲು ಬೀದಿಯ ತುದಿಯವರೆಗೆ, ಆಮೇಲೆ ಹಾಲಿನ ಬೂತಿನವರೆಗೆ, ಮಾರ್ಚಿನ ಹೊತ್ತಿಗೆ ಕೆರೆಯ ಏರಿಯವರೆಗೆ. ಏರಿಯ ಮೇಲೆ ನಡೆಯುವ ರಿಟೈರಾದವರ ಗುಂಪಿಗೆ ಇಬ್ಬರ ಗುರುತೂ ಆಯಿತು. ಯುಗಾದಿ ಬಂತು. ಮನೆಯೆಲ್ಲ ಹೂರಣದ ಘಮ. ನನಗೆ ಅವತ್ತಿನ ಭಯ ಹೇಳತೀರದು. ಆದರೆ ಅಪ್ಪ, "ನೀವು ಉಣ್ರಿ, ನಂದು ಆಮ್ಯಾಲೆ" ಎಂದು ಪೈಲ್ವಾನನನ್ನು ಕರೆದುಕೊಂಡು ಟೆರೇಸಿಗೆ ಹೋಗಿ, ನಮ್ಮ ಊಟ ಮುಗಿಯುವವರೆಗೆ ಕೆಳಗಿಳಿಯಲಿಲ್ಲ.

ಹಬ್ಬದ ಮರುವಾರ ಪರೀಕ್ಷೆ. ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿದರು. ಆಸ್ಪತ್ರೆಯಲ್ಲಿ ಪೈಲ್ವಾನ ಈ ಸಲವೂ ತಕ್ಕಡಿಯ ಅಂಚು ನೆಕ್ಕುತ್ತ ಮಲಗಿದ. ಅಪ್ಪ ಎತ್ತಿಕೊಂಡು ಹತ್ತಿದರು. ನೂರಾ ಒಂದು.

ಡಾಕ್ಟರಮ್ಮ ಹಳೆಯ ಫೈಲು ತಿರುವಿ, ಎಂಬತ್ತೈದು ಕಳೆದರು. ಹದಿನಾರು. ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ, ಅವರ ಮುಖ ನೋಡಿ ಕೈ ಅಲ್ಲೇ ನಿಂತಿತು.

"ಹದಿನಾರು? ಐದು ಕೆಜಿ ಇಳಿಸಿಬಿಟ್ರಾ? ಬೆಳೆಯೋ ಮರಿ ಅಂತ ಅಷ್ಟು ಹೇಳಿದ್ನಲ್ಲ. ಉಪವಾಸ ಕೆಡವಿದ್ರಾ?"

"ಇಲ್ರಿ" ಎಂದರು ಅಪ್ಪ. "ನೀವು ಹೇಳಿದಷ್ಟು ಅಳದು ಹಾಕೀನಿ. ಒಂದು ಕಾಳು ಹೆಚ್ಚಿಲ್ಲ, ಕಡಿಮಿಲ್ಲ." ಅವರ ತೋಳಿನಲ್ಲಿದ್ದ ಪೈಲ್ವಾನ ಗದ್ದ ಅವರ ಭುಜಕ್ಕೆ ಊರಿದ್ದ. ಎರಡು ತಿಂಗಳು ಪಟ್ಟ ಪಾಡೆಲ್ಲ ಮತ್ತೆ ತಪ್ಪೇ ಆಯಿತೇ ಎಂಬ ದಿಗಿಲು ಅಪ್ಪನ ಮುಖದಲ್ಲಿ ಕಂಡು ನನಗೆ ಅಳು ಬಂತು.

ಡಾಕ್ಟರಮ್ಮ ಎದ್ದು ಬಂದು ಮರಿಯ ಪಕ್ಕೆಗಳನ್ನು ಒತ್ತಿ ನೋಡಿದರು, ಹುಬ್ಬು ಗಂಟಿಕ್ಕಿದರು. ಹೀಗೆ ತುಂಬಿಕೊಂಡ ಮೈ ಹದಿನಾರು ಕೆಜಿ ಇರಲು ಸಾಧ್ಯವಿಲ್ಲ ಎಂದು ಅವರಿಗೆ ಅನಿಸಿರಬೇಕು. "ತಾತ, ಅವನನ್ನ ಮಗಳ ಕೈಲಿ ಕೊಡಿ. ನೀವೊಬ್ರೇ ಹತ್ತಿ."

ನಾನು ಪೈಲ್ವಾನನನ್ನು ಹೇಗೋ ತಬ್ಬಿ ಹಿಡಿದೆ. ಅಪ್ಪ ಹತ್ತಿದರು. ತಕ್ಕಡಿ ಎಂಬತ್ತು ತೋರಿಸಿತು.

ಲೆಕ್ಕ ಮಾಡಲು ನನಗೆ ಒಂದು ಕ್ಷಣ ಬೇಕಾಯಿತು. ನೂರಾ ಒಂದರಲ್ಲಿ ಎಂಬತ್ತು ಹೋದರೆ ಇಪ್ಪತ್ತೊಂದು. ಮರಿ ನಿಲ್ಲಬೇಕಾದಲ್ಲೇ ನಿಂತಿತ್ತು. ಇಳಿದದ್ದು ಅಪ್ಪ.

ಡಾಕ್ಟರಮ್ಮ ಸ್ಟೆತಾಸ್ಕೋಪು ಹಚ್ಚಿ ಬಹಳ ಹೊತ್ತು ಎದೆ ಕೇಳಿದರು, ಬಾಯಿ ಬಿಡಿಸಿ ನೋಡಿದರು, ಮುಖದ ಮಡಿಕೆಗಳನ್ನು ಬಿಡಿಸಿ ನೋಡಿದರು. "ಉಸಿರು ಚೆನ್ನಾಗಿದೆ. ಚರ್ಮಾನೂ ಕ್ಲೀನ್. ಹೀಗೇ ನೋಡ್ಕೊಳ್ಳಿ, ಆಪರೇಷನ್ ಬೇಡ" ಎಂದರು. ಆಮೇಲೆ ಅಪ್ಪನತ್ತ ತಿರುಗಿ, "ಅವನ ವಿಷ್ಯ ಸರಿ. ನೀವ್ಯಾಕೆ ತಾತ ಐದು ಕೆಜಿ ಇಳಿದ್ರಿ?" ಎಂದು ಕೇಳಿದರು.

ಅಪ್ಪ ನಾಚಿಕೊಂಡರು. ಅಪ್ಪ ನಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಪೈಲವಾನಗ ಗುಳಿಗಿ ಹಾಕಿ ವಸ್ತಾದ ಹೋಳಿಗಿ ತಿಂದ್ರ, ಅವ ನನ್ನ ಮಾತು ಹೆಂಗ ಕೇಳ್ತಾನ್ರಿ?"

ಎರಡು ತಿಂಗಳಿಂದ ನನಗೆ ತಿಳಿಯದಂತೆ ಮನೆಯಲ್ಲಿ ನಡೆದದ್ದು ಆಗ ಅರ್ಥವಾಯಿತು. ನಾವು ಕೆಲಸಕ್ಕೆ ಹೋದ ಮೇಲೆ ಅವನ ಕಪ್ಪು ಎಷ್ಟೋ ಇವರ ತಾಟೂ ಅಷ್ಟೇ. ಸಂಜೆಯ ಚುರುಮುರಿ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ, ಯುಗಾದಿಯ ಹೋಳಿಗೆ ಇಲ್ಲ. ಧೋತರ ಉಟ್ಟವರ ಸೊಂಟ ಸಡಿಲವಾದರೆ ಯಾರಿಗೆ ತಿಳಿಯುತ್ತದೆ? ಎಂಟು ವರ್ಷ ಕೈಮುಗಿದು, ಜಗಳವಾಡಿ, ಅತ್ತು ನಾನು ಮಾಡಲಾಗದ್ದನ್ನು ಈ ಸೊಟ್ಟಗಾಲಿನವನು ಎದುರಿಗೆ ಸುಮ್ಮನೆ ಕೂತು ಮಾಡಿ ಮುಗಿಸಿದ್ದ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು. ಆಟೋದಲ್ಲಿ ಮನೆಯವರೆಗೂ ಅಪ್ಪನ ಕೈ ಹಿಡಿದುಕೊಂಡೇ ಕೂತಿದ್ದೆ, ಮಧ್ಯದಲ್ಲಿ ಪೈಲ್ವಾನ ಗೊರಕೆ ಹೊಡೆಯುತ್ತಿದ್ದ.

ಗೇಟಿನ ಹತ್ತಿರ ಲಕ್ಷ್ಮಮ್ಮನವರು ಕಾಯುತ್ತಿದ್ದರು. ಆಟೋ ನಿಲ್ಲುವ ಮೊದಲೇ, "ಏನಂದ್ರಣ್ಣ ಡಾಕ್ಟ್ರು? ಎಷ್ಟ್ ಬಂತು ತೂಕ?" ಎಂದು ಕೇಳಿದರು.

ಅಪ್ಪ ಪೈಲ್ವಾನನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಇಳಿದರು. ಬೀದಿಯ ಆ ತುದಿಗೂ ಕೇಳುವಂತೆ ಹೇಳಿದರು. "ಇಪ್ಪತ್ತೊಂದು."

ಲಕ್ಷ್ಮಮ್ಮನವರ ಮುಖ ಸಪ್ಪಗಾಯಿತು. "ಅಯ್ಯೋ, ಮೊದ್ಲೂ ಅಷ್ಟೇ ಇತ್ತಲ್ಲಣ್ಣ. ಇಷ್ಟ್ ದಿನ ಉಪ್ವಾಸ ಬಿದ್ದು ಒಂದೀಟೂ ಅಲ್ಲಾಡ್ಲಿಲ್ವಾ?"

"ಇಲ್ಲವಾ" ಎಂದರು ಅಪ್ಪ, ರುಮಾಲು ಸರಿಮಾಡಿಕೊಳ್ಳುತ್ತ. "ಎರಡು ತಿಂಗಳು ಹಿಡದು ನಿಂತೀವಿ. ಒಂದೀಟೂ ಅಲ್ಲಾಡಿಲ್ಲ. ಅದಕ್ಕ ಗೆದ್ದೀವಿ."